ಮಗ ಕೋಳಿ ತಿಂದೇ ಇಲ್ಲ, ಆದರೂ ಅವನಿಗೆ ಸಾಲ್ಮೊನೆಲ್ಲಾ ಬಂದಿದ್ದು ಹೇಗೆ?

ಸುಮಾ_ಹಾಸನ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಎರಡು ವಾರದ ಹಿಂದೆ ಭಾನುವಾರ ನಾದಿನಿ ಮನೆಗೆ ಬಂದಿದ್ದಳು. ಎರಡು ಕೆಜಿ ಬ್ರಾಯ್ಲರ್ ತಂದೆವು. ಯಾವಾಗಲೂ ತರುವ ಅಂಗಡಿಯೇ, ಕಣ್ಣೆದುರೇ ಕೊಯ್ದು ಕೊಟ್ಟರು, ವಿದೌಟ್ ಸ್ಕಿನ್. ಮನೆಗೆ ಬಂದು ಸಿಂಕಿನಲ್ಲಿ ನಲ್ಲಿ ಜೋರಾಗಿ ಬಿಟ್ಟು ಮೂರು ಸಲ ತೊಳೆದೆ, ಆಮೇಲೆ ಅರಿಶಿನ ಉಪ್ಪು ಹಾಕಿ ಉಜ್ಜಿ ಇನ್ನೊಂದು ಸಲ ತೊಳೆದೆ. ಸಾರು ಮಾಡಿದೆ, ಕುಕ್ಕರಿನಲ್ಲೇ, ಚೆನ್ನಾಗಿ ಬೆಂದಿತ್ತು. ಒಂದೂವರೆಗೆ ಎಲ್ಲರೂ ಬಿಸಿಬಿಸಿ ಮುದ್ದೆ ಜೊತೆ ಊಟ ಮಾಡಿದೆವು.

ನನ್ನ ಮಗನಿಗೆ ನಾಲ್ಕು ವರ್ಷ. ಅವನು ಖಾರ ತಿನ್ನುವುದಿಲ್ಲ. ಮೊಸರನ್ನ, ಜೊತೆಗೆ ಸೌತೆಕಾಯಿ, ಅಷ್ಟೇ. ಕೋಳಿಯ ಒಂದು ಚೂರೂ ಬಾಯಿಗೆ ಹಾಕಿಲ್ಲ. ಮಂಗಳವಾರ ಬೆಳಗಿನ ಜಾವ ಮೈ ಕೆಂಡದಂತೆ ಸುಡುತ್ತಿತ್ತು. ಎಂಟು ಗಂಟೆಯೊಳಗೆ ಐದು ಸಲ ಭೇದಿ ಆಯಿತು, ಕೊನೆಯ ಸಲ ಸ್ವಲ್ಪ ರಕ್ತವೂ ಕಾಣಿಸಿತು. ನನಗೆ ಕೈಕಾಲೇ ಆಡಲಿಲ್ಲ. ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡು ಡ್ರಿಪ್ ಹಾಕಿದರು. ಮಲದ ಕಲ್ಚರ್ ರಿಪೋರ್ಟ್ ಶುಕ್ರವಾರ ಬಂತು, ಸಾಲ್ಮೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಅಂತ ಬರೆದಿದೆ. ಡಾಕ್ಟರು ಮೊದಲು ಕೇಳಿದ್ದೇ ಕೋಳಿ, ಮೊಟ್ಟೆ ಏನಾದರೂ ತಿಂದನಾ ಅಂತ. ತಿಂದಿಲ್ಲ ಅಂದೆ. ಕೋಳಿ ತಿಂದ ನಮ್ಮ ನಾಲ್ಕು ಜನಕ್ಕೆ ಏನೂ ಆಗಿಲ್ಲ!

ಈಗ ಅವನು ಪರವಾಗಿಲ್ಲ, ಆಡುತ್ತಿದ್ದಾನೆ. ಆದರೆ ಮನೆಯಲ್ಲಿ ದಿನಾ ಇದೇ ಮಾತು. ಅತ್ತೆ ಹೇಳುವುದು, ಬ್ರಾಯ್ಲರ್ ಅಂದರೆ ಬರೀ ಇಂಜೆಕ್ಷನ್, ಇನ್ನು ಮೇಲೆ ನಾಟಿ ಕೋಳಿ ಬಿಟ್ಟು ಬೇರೆ ತರಬೇಡಿ ಅಂತ. ಡಲ್ಲಾಸ್‌ನಲ್ಲಿರುವ ಅಕ್ಕ ಫೋನಿನಲ್ಲಿ, ನೀನು ಕೋಳಿ ತೊಳೆದದ್ದೇ ತಪ್ಪು, ಅಲ್ಲಿ ಯಾರೂ ತೊಳೆಯಬೇಡಿ ಅಂತ ಸರ್ಕಾರವೇ ಹೇಳುತ್ತದೆ ಅನ್ನುತ್ತಾಳೆ. ತೊಳೆಯದೆ ಹೇಗೆ ಅಡುಗೆ ಮಾಡುವುದು, ನೀವೇ ಹೇಳಿ. ನನಗೆ ಗೊತ್ತಾಗಬೇಕಾದದ್ದು ಇಷ್ಟು. ಕೋಳಿ ತಿನ್ನದ ಮಗುವಿಗೆ ಅದು ಹೇಗೆ ಬಂತು? ತೊಳೆಯಬೇಕಾ, ಬೇಡವಾ? ಅತ್ತೆ ಹೇಳುವುದು ನಿಜವಾ?

ರೇಖಾ_ಲ್ಯಾಬ್:

ಸುಮಾ, ಮಗು ಹುಷಾರಾಗಿದ್ದು ಕೇಳಿ ಸಮಾಧಾನ ಆಯಿತು. ನಾನು ಮೈಕ್ರೋಬಯಾಲಜಿ ಲ್ಯಾಬಿನಲ್ಲಿ 11 ವರ್ಷದಿಂದ ಇದ್ದೇನೆ, ಇಂಥ ರಿಪೋರ್ಟ್ ಎಷ್ಟೋ ನೋಡಿದ್ದೇನೆ. ಉತ್ತರ ಹೇಳುವ ಮುಂಚೆ ಒಂದು ಪ್ರಶ್ನೆ. ಆ ಸೌತೆಕಾಯಿ ಯಾವಾಗ ಹೆಚ್ಚಿದ್ದು, ಯಾವುದರಲ್ಲಿ ಹೆಚ್ಚಿದ್ದು?

ಇನ್ನೊಂದು ಮಾತು, ನಿಮ್ಮ ಮನೆಯವರು ಗಾಬರಿ ಆಗಬಾರದು ಅಂತ. ಟೈಫಾಯಿಡ್ ತರುವುದೂ ಸಾಲ್ಮೊನೆಲ್ಲಾ ಜಾತಿಯೇ, ಆದರೆ ಅದು ಬೇರೆ ಬಗೆ, ಟೈಫಿ ಅಂತ. ಅದು ಮನುಷ್ಯರಲ್ಲಿ ಮಾತ್ರ ಇರುತ್ತದೆ, ಕೋಳಿಯಿಂದ ಬರುವುದಿಲ್ಲ. ಕೋಳಿ, ಮೊಟ್ಟೆಯಿಂದ ಬರುವುದು ಹೆಚ್ಚಾಗಿ ಎಂಟೆರಿಟಿಡಿಸ್, ಟೈಫಿಮ್ಯೂರಿಯಂ ಇಂಥವು. ಹೊಟ್ಟೆಗೆ ಸೇರಿದ ಆರು ಗಂಟೆಯಿಂದ ಮೂರು ದಿನದೊಳಗೆ ಸಾಮಾನ್ಯವಾಗಿ ಶುರುವಾಗುತ್ತದೆ. ನಿಮ್ಮದು ಭಾನುವಾರ ಮಧ್ಯಾಹ್ನದಿಂದ ಮಂಗಳವಾರ ಬೆಳಗಿನ ಜಾವ, ಅಂದರೆ ಸುಮಾರು 40 ಗಂಟೆ. ಲೆಕ್ಕ ಸರಿಯಾಗಿ ಕೂರುತ್ತದೆ.

ಸುಮಾ_ಹಾಸನ:

ರೇಖಾ ಮೇಡಂ, ನೀವು ಕೇಳಿದ ಮೇಲೆ ಕೂತು ನೆನಪು ಮಾಡಿಕೊಂಡೆ. ಅಂಗಡಿಯವರು ಪೀಸು ದೊಡ್ಡದು ಮಾಡಿದ್ದರು. ನಾಲ್ಕೈದು ಪೀಸನ್ನು ನಾನೇ ಈಳಿಗೆಯಲ್ಲಿ ಸಣ್ಣದು ಮಾಡಿದೆ. ಆಮೇಲೆ ಈಳಿಗೆಯನ್ನು ನೀರಿನಲ್ಲಿ ತೊಳೆದು ಪಕ್ಕಕ್ಕಿಟ್ಟೆ. ಒಂದು ಗಂಟೆ ಸುಮಾರಿಗೆ ಅದರಲ್ಲೇ ಈರುಳ್ಳಿ, ನಿಂಬೆಹಣ್ಣು, ಸೌತೆಕಾಯಿ ಹೆಚ್ಚಿದೆ. ಸೋಪು ಹಾಕಿರಲಿಲ್ಲ. ಬರೆಯುವಾಗ ಕೈ ನಡುಗುತ್ತಿದೆ.

ರೇಖಾ_ಲ್ಯಾಬ್:

ಕೈ ನಡುಗಿಸಿಕೊಳ್ಳಬೇಡಿ ತಾಯಿ. ನಮ್ಮಲ್ಲಿ ಎಷ್ಟೋ ಮನೆಯಲ್ಲಿ ಹೀಗೇ ನಡೆಯುತ್ತದೆ, ಯಾರೂ ನಮಗೆ ಇದನ್ನು ಹೇಳಿಕೊಟ್ಟಿಲ್ಲ. ಹಸಿ ಕೋಳಿಯ ಬ್ಯಾಕ್ಟೀರಿಯಾ ಈಳಿಗೆಯಿಂದ ಸೌತೆಕಾಯಿಗೆ ತಾಗಿ ಮಗುವಿನ ಹೊಟ್ಟೆಗೆ ಹೋಗಿರಬೇಕು. ನೀವು ಕೋಳಿಯನ್ನು ಚೆನ್ನಾಗಿ ಬೇಯಿಸಿದ್ದೀರಿ, ಅದಕ್ಕೇ ದೊಡ್ಡವರು ನಾಲ್ಕು ಜನಕ್ಕೆ ಏನೂ ಆಗಲಿಲ್ಲ. ಈರುಳ್ಳಿಯನ್ನು ಅವರೂ ತಿಂದಿರಬಹುದು, ದೊಡ್ಡವರ ಹೊಟ್ಟೆ ಸ್ವಲ್ಪ ತಡೆದುಕೊಳ್ಳುತ್ತದೆ. ಐದು ವರ್ಷದೊಳಗಿನ ಮಕ್ಕಳು, ವಯಸ್ಸಾದವರು, ಬಸುರಿಯರು, ಸಕ್ಕರೆ ಕಾಯಿಲೆಯವರು, ಇವರಿಗೆ ಕಡಿಮೆ ಪ್ರಮಾಣವೂ ಸಾಕು.

ಇಷ್ಟು ಯೋಚನೆ ಮಾಡಿ. ಕುಕ್ಕರಿನೊಳಗೆ ನೂರು ಡಿಗ್ರಿ ದಾಟುತ್ತದೆ. ಮಾಂಸದ ಒಳಗಿನ ಬಿಸಿ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಲ್ಮೊನೆಲ್ಲಾ, ಹಾಗೇ ಕೋಳಿಯಿಂದ ಬಂದು ಭೇದಿ ತರುವ ಇನ್ನೊಂದು ಬ್ಯಾಕ್ಟೀರಿಯಾ ಕ್ಯಾಂಪಿಲೋಬ್ಯಾಕ್ಟರ್, ಎರಡೂ ಸಾಯುತ್ತವೆ. ನಮ್ಮ ಸಾರು, ಪಲ್ಯ, ಪುಳಿಮುಂಚಿ ಯಾವುದರಲ್ಲೂ ಅವು ಬದುಕಿ ಉಳಿಯುವುದಿಲ್ಲ. ಹಾಗಾಗಿ ತೊಂದರೆ ಬರುವುದು ಪಾತ್ರೆಯಿಂದಲ್ಲ, ಪಾತ್ರೆಗೆ ಹೋಗುವ ಮುಂಚೆ ಹಸಿ ಕೋಳಿ ಅಡುಗೆಮನೆಯಲ್ಲಿ ಎಲ್ಲೆಲ್ಲಿ ಓಡಾಡಿತು ಅನ್ನುವುದರಿಂದ. ಕವರಿನಿಂದ ಸೋರಿದ ನೀರು, ಸಿಂಕು, ನಲ್ಲಿ ತಿರುಪಿದ ಕೈ, ಈಳಿಗೆ, ಒರೆಸುವ ಬಟ್ಟೆ. ಈಳಿಗೆಯಲ್ಲಿ ಮುಖ್ಯವಾಗಿ ಅಲಗು ಮಣೆಗೆ ಸೇರುವ ಸಂದು ನೋಡಿ. ಅಲ್ಲಿ ರಸ ಕೂತರೆ ಬರೀ ನೀರಿಗೆ ಹೋಗುವುದಿಲ್ಲ. ಸೋಪು ಹಾಕಿ ಬ್ರಷ್‌ನಲ್ಲಿ ಉಜ್ಜಿ, ಕುದಿಯುವ ನೀರು ಸುರಿದು, ಬಿಸಿಲಿಗೆ ಒಣಗಿಸಬೇಕು.

ಅರಿಶಿನ, ಉಪ್ಪು, ನಿಂಬೆರಸ ನೀಸು ವಾಸನೆ ತೆಗೆಯುತ್ತವೆ. ಅದು ಸರಿ, ಮಾಡಿ. ಐದು ಹತ್ತು ನಿಮಿಷದಲ್ಲಿ ಬ್ಯಾಕ್ಟೀರಿಯಾ ಸಾಯುತ್ತದೆ ಅಂತ ಮಾತ್ರ ನಂಬಬೇಡಿ.

ಶೆಡ್_ದೊಡ್ಡಬಳ್ಳಾಪುರ:

ಅಕ್ಕ, ನಾನು ಕೋಳಿ ಸಾಕುವವನು. ಎರಡು ಶೆಡ್, ಒಂದು ಬ್ಯಾಚಿಗೆ 9 ಸಾವಿರ ಮರಿ, ಕಾಂಟ್ರಾಕ್ಟ್ ಫಾರ್ಮಿಂಗ್. ಮರಿ, ಫೀಡು, ಔಷಧಿ ಎಲ್ಲ ಕಂಪನಿಯದು, ಶೆಡ್ಡು, ಕರೆಂಟು, ನೀರು, ದುಡಿಮೆ ನಮ್ಮದು, ಕೆಜಿಗೆ ಇಷ್ಟು ಅಂತ ಕೊಡುತ್ತಾರೆ. ನಿಮ್ಮ ಅತ್ತೆಯವರ ಮಾತಿಗೆ ಉತ್ತರ ಕೊಡಬೇಕು ಅನ್ನಿಸಿತು.

ಬೆಳೆಯಲು ಹಾರ್ಮೋನ್ ಇಂಜೆಕ್ಷನ್ ಕೊಡುತ್ತಾರೆ ಅನ್ನುವುದು ಸುಳ್ಳು. 9 ಸಾವಿರ ಕೋಳಿಗೆ ಒಂದೊಂದೇ ಹಿಡಿದು ಸೂಜಿ ಚುಚ್ಚುವುದು ಆಗುವ ಕೆಲಸವಾ? 40 ದಿನಕ್ಕೆ ಎರಡು ಕೆಜಿ ಮೇಲೆ ತೂಗುವುದು ತಳಿಯಿಂದ, ಫೀಡಿನಿಂದ. ಲಸಿಕೆ ಕೊಡುತ್ತೇವೆ, ಕುಡಿಯುವ ನೀರಿನಲ್ಲಿ, ಕಣ್ಣಿಗೆ ಹನಿ ಹಾಕಿ. ಅದು ರಾಣಿಕೆಟ್, ಗಂಬೋರೊ ಕಾಯಿಲೆಗೆ. ಆ್ಯಂಟಿಬಯಾಟಿಕ್ ವಿಷಯ ಬೇರೆ, ಅದರಲ್ಲಿ ನಮ್ಮ ಕಡೆ ತಪ್ಪು ನಡೆದಿದೆ, ನಡೆಯುತ್ತಲೂ ಇದೆ. ರೋಗ ಇಲ್ಲದಿದ್ದರೂ ಬೆಳವಣಿಗೆಗೆ ಅಂತ ಫೀಡಿನಲ್ಲಿ ಬೆರೆಸುತ್ತಿದ್ದರು. 2014ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ದೆಹಲಿ ಸುತ್ತಮುತ್ತ 70 ಕೋಳಿ ಮಾಂಸದ ಸ್ಯಾಂಪಲ್ ಪರೀಕ್ಷೆ ಮಾಡಿಸಿದಾಗ ನೂರಕ್ಕೆ 40ರಲ್ಲಿ ಔಷಧಿಯ ಉಳಿಕೆ ಸಿಕ್ಕಿತು. ಕೋಲಿಸ್ಟಿನ್ ಅಂತ ಒಂದು ಔಷಧಿ, ಬೇರೆ ಯಾವುದೂ ಹಿಡಿಯದಿದ್ದಾಗ ಆಸ್ಪತ್ರೆಯಲ್ಲಿ ಕೊನೆಯ ದಾರಿಯಾಗಿ ಕೊಡುವಂಥದ್ದು, ಅದನ್ನೂ ಕೋಳಿ ಫೀಡಿಗೆ ಹಾಕುತ್ತಿದ್ದರು. 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದನ್ನು ನಿಲ್ಲಿಸಿತು. ನಿಲ್ಲಿಸಿದ್ದು ಒಳ್ಳೆಯದೇ ಆಯಿತು.

ಇನ್ನು ಈ ಬ್ಯಾಕ್ಟೀರಿಯಾ. ನಮಗೆ ಇದು ಕಾಣಿಸುವುದೇ ಇಲ್ಲ ಅಕ್ಕ, ಅದೇ ಕಷ್ಟ. ಪುಲ್ಲೋರಂ ಅಂತ ಕೋಳಿಗೇ ಕಾಯಿಲೆ ತರುವ ಸಾಲ್ಮೊನೆಲ್ಲಾ ಬಗೆ ಇದೆ, ಅದು ಬಂದರೆ ಮರಿಗಳು ಬಿಳಿ ಭೇದಿ ಮಾಡಿಕೊಂಡು ಸಾಯುತ್ತವೆ, ಬೆಳಗ್ಗೆ ಶೆಡ್ ಬಾಗಿಲು ತೆಗೆದ ಕೂಡಲೇ ಗೊತ್ತಾಗುತ್ತದೆ. ಮನುಷ್ಯರಿಗೆ ಕಾಯಿಲೆ ತರುವ ಬಗೆಗಳು ಹೊಟ್ಟೆಯಲ್ಲಿದ್ದರೂ ಸಾಮಾನ್ಯವಾಗಿ ಕೋಳಿಗೆ ಏನೂ ಆಗುವುದಿಲ್ಲ. ಚೆನ್ನಾಗಿ ತಿನ್ನುತ್ತದೆ, ತೂಕ ಬರುತ್ತದೆ. ಮರಿಯ ಜೊತೆ ಬರಬಹುದು, ಫೀಡಿನಲ್ಲಿ ಬರಬಹುದು, ಇಲಿ ಹಿಕ್ಕೆಯಿಂದ, ಕಾಡು ಹಕ್ಕಿಯಿಂದ, ಶೆಡ್ಡಿನ ನೆಲಕ್ಕೆ ಹಾಸುವ ಭತ್ತದ ಹೊಟ್ಟಿನೊಳಗಿನ ಕಪ್ಪು ಹುಳದಿಂದ ಬರಬಹುದು. ನಾನು ಪಕ್ಕದ ಶೆಡ್‌ಗೆ ಹೋಗಿ ಅದೇ ಚಪ್ಪಲಿಯಲ್ಲಿ ಇಲ್ಲಿಗೆ ಬಂದರೂ ಸಾಕು. ಅದಕ್ಕೇ ಬಾಗಿಲಲ್ಲಿ ಔಷಧಿ ನೀರಿನ ತೊಟ್ಟಿ ಇಡುತ್ತೇವೆ, ಕಾಲು ಅದ್ದಿ ಒಳಗೆ ಹೋಗಬೇಕು. ಬ್ಯಾಚ್ ಹೋದ ಮೇಲೆ ಹೊಟ್ಟೆಲ್ಲ ತೆಗೆದು, ತೊಳೆದು, ಸುಣ್ಣ ಬಳಿದು, ಸುಮಾರು ಹದಿನೈದು ದಿನ ಖಾಲಿ ಬಿಡುತ್ತೇವೆ. ಎಲ್ಲರೂ ಬಿಡುತ್ತಾರೆ ಅಂತ ಹೇಳಲಾರೆ. ಮರಿ ಬೇಗ ಹಾಕಿದಷ್ಟೂ ವರ್ಷಕ್ಕೆ ಒಂದು ಬ್ಯಾಚ್ ಜಾಸ್ತಿ ಸಿಗುತ್ತದೆ ಅನ್ನುವ ಆಸೆ ಇರುತ್ತದೆ.

ನಾವು ಎಷ್ಟು ಜೋಪಾನ ಮಾಡಿದರೂ ಆಮೇಲಿನ ದಾರಿ ನಮ್ಮ ಕೈಯಲ್ಲಿಲ್ಲ. ರಾತ್ರಿ ಹಿಡಿದು ಕ್ರೇಟಿಗೆ ತುಂಬುತ್ತಾರೆ. ಒಂದರ ಮೇಲೊಂದು ಕ್ರೇಟು, ಮೇಲಿನದರ ಹಿಕ್ಕೆ ಕೆಳಗಿನದರ ಮೈಮೇಲೆ. ಗಾಬರಿಯಾದ ಕೋಳಿ ಹಿಕ್ಕೆಯಲ್ಲಿ ಬ್ಯಾಕ್ಟೀರಿಯಾ ಜಾಸ್ತಿ ಬಿಡುತ್ತದೆ ಅಂತ ನಮ್ಮ ಪಶುವೈದ್ಯರು ಹೇಳಿದ್ದರು. ಹಿಡಿಯುವ ಎಂಟು ಹತ್ತು ಗಂಟೆ ಮುಂಚೆ ಫೀಡ್ ನಿಲ್ಲಿಸಬೇಕು, ಕರುಳು ಖಾಲಿ ಇದ್ದರೆ ಕೊಯ್ಯುವಾಗ ಹೊಲಸು ಮಾಂಸಕ್ಕೆ ತಾಗುವುದು ಕಡಿಮೆ. ಆದರೆ ಖಾಲಿ ಹೊಟ್ಟೆ ಅಂದರೆ ತೂಕ ಕಡಿಮೆ. ಆ ನಷ್ಟ ಯಾರು ಹೊರಬೇಕು ಅನ್ನುವುದು ಇನ್ನೂ ಬಗೆಹರಿದಿಲ್ಲ.

ನಾಟಿ ಕೋಳಿಯ ಹೊಟ್ಟೆಯಲ್ಲೂ ಇವೆಲ್ಲ ಇರುತ್ತವೆ ಅಕ್ಕ. ತಿಪ್ಪೆ ಕೆದಕಿ ತಿನ್ನುವ ಕೋಳಿ ಅದು. ರುಚಿಗೆ ತನ್ನಿ, ನಾನೂ ಮನೆಗೆ ಅದನ್ನೇ ಸಾಕಿದ್ದೇನೆ. ಈಳಿಗೆ ವಿಷಯದಲ್ಲಿ ಎರಡಕ್ಕೂ ಒಂದೇ ನಿಯಮ.

ಮೈಸೂರು_ಟು_ಲೀಡ್ಸ್:

ಡಲ್ಲಾಸ್ ಅಕ್ಕ ಹೇಳಿದ್ದು ಸರಿ. ನಾನು ಇಂಗ್ಲೆಂಡಿನಲ್ಲಿದ್ದೇನೆ, ಇಲ್ಲೂ ಅದೇ ಮಾತು. 2014ರಲ್ಲಿ ಇಲ್ಲಿನ ಆಹಾರ ಗುಣಮಟ್ಟ ಸಂಸ್ಥೆ ಹಸಿ ಕೋಳಿ ತೊಳೆಯಬೇಡಿ ಅಂತ ದೊಡ್ಡ ಪ್ರಚಾರವನ್ನೇ ಮಾಡಿತು. ಕಾರಣ ಕ್ಯಾಂಪಿಲೋಬ್ಯಾಕ್ಟರ್. ಅದೇ ಸಂಸ್ಥೆ 2014ರ ಫೆಬ್ರವರಿಯಿಂದ ಒಂದು ವರ್ಷ ಅಂಗಡಿಗಳ ತಾಜಾ ಕೋಳಿ ಕೊಂಡು ಪರೀಕ್ಷೆ ಮಾಡಿದಾಗ ನೂರಕ್ಕೆ 73ರಲ್ಲಿ ಅದು ಸಿಕ್ಕಿತು. ಹೊಳೆಯುವ ಪ್ಯಾಕೆಟ್ಟಿನಲ್ಲಿ, ಫ್ರಿಜ್ಜಿನಲ್ಲಿ ಜೋಡಿಸಿಟ್ಟ ಕೋಳಿ ಅದು. ಅದನ್ನು ಓದಿದಾಗ ನನಗೆ ತುಂಬ ದಿಗಿಲಾಗಿತ್ತು.

ಈ ಬ್ಯಾಕ್ಟೀರಿಯಾಕ್ಕೆ ಕೋಳಿಯ ಮೈಬಿಸಿ, ಅಂದರೆ 41-42 ಡಿಗ್ರಿ, ಹೇಳಿ ಮಾಡಿಸಿದ ಹಾಗೆ. ಅಡುಗೆಮನೆಯ ಕಟ್ಟೆಯ ಮೇಲೆ ಅದು ಬೆಳೆಯುವುದಿಲ್ಲ, 30 ಡಿಗ್ರಿಗಿಂತ ಕಡಿಮೆ ಆದರೆ ಹೆಚ್ಚಾಗುವುದೇ ಇಲ್ಲ. ಆದರೆ ಕೆಲವೇ ನೂರು ಜೀವಕಣ ಹೊಟ್ಟೆಗೆ ಹೋದರೂ ಕಾಯಿಲೆ ತರಬಲ್ಲದು, ಒಂದು ಹನಿ ಕೋಳಿ ರಸ ಸಾಕು. ಎರಡರಿಂದ ಐದು ದಿನ ಬಿಟ್ಟು ಕಾಯಿಲೆ ಶುರುವಾಗುತ್ತದೆ, ಅಷ್ಟರಲ್ಲಿ ಭಾನುವಾರದ ಊಟ ಯಾರಿಗೂ ನೆನಪಿರುವುದಿಲ್ಲ. ಹೆಚ್ಚಿನವರಿಗೆ ಒಂದು ವಾರದಲ್ಲಿ ವಾಸಿಯಾಗುತ್ತದೆ. ಸಾವಿರಕ್ಕೆ ಒಬ್ಬರಿಗೆ ಆಮೇಲೆ ಗಿಯಾನ್ ಬಾರೆ ಅಂತ ನರದ ಕಾಯಿಲೆ ಬರುತ್ತದೆ, ಕಾಲಿನಿಂದ ಶುರುವಾಗಿ ಶಕ್ತಿ ಹೋಗುತ್ತದೆ. ನನ್ನ ಜೊತೆ ಕೆಲಸ ಮಾಡುವವರೊಬ್ಬರ ತಂದೆಗೆ ಹೀಗಾಗಿ ಮೂರು ತಿಂಗಳು ಆಸ್ಪತ್ರೆಯಲ್ಲಿದ್ದರು. ಅದನ್ನು ಕಂಡ ಮೇಲೆ ನಾನು ನಮ್ಮ ಮನೆಯಲ್ಲಿ ಕೋಳಿ ತೊಳೆಯುವುದನ್ನು ನಿಲ್ಲಿಸಿದೆ. ನೀವೂ ನಿಲ್ಲಿಸಿ ಅಂತ ಕೇಳಿಕೊಳ್ಳುತ್ತೇನೆ.

ವನಜಮ್ಮ_ಚನ್ನರಾಯಪಟ್ಟಣ:

ತಮ್ಮಾ, ನಿನ್ನ ಮಾತು ನಿನ್ನ ಊರಿಗೆ ಸರಿ. ಅಲ್ಲಿ ಕೋಳಿ ಕಾರ್ಖಾನೆಯಲ್ಲಿ ಪುಕ್ಕ ಕಿತ್ತು, ಕರುಳು ತೆಗೆದು, ತೊಳೆದು, ತಣ್ಣಗೆ ಮಾಡಿ, ಪ್ಯಾಕ್ ಮಾಡಿ ಕೊಡುತ್ತಾರೆ. ಇಲ್ಲಿ ಬಂದು ನೋಡು. ಕೊಯ್ದು ಡ್ರಮ್ಮಿಗೆ ಹಾಕುತ್ತಾರೆ, ಅದರೊಳಗೇ ಒದ್ದಾಡುತ್ತದೆ. ಚರ್ಮ ಸುಲಿದು ಮರದ ದಿಮ್ಮಿಯ ಮೇಲೆ ಕತ್ತರಿಸುತ್ತಾರೆ. ಬೆಳಗ್ಗೆ ಆರರಿಂದ ಎಷ್ಟು ಕೋಳಿ ಆ ದಿಮ್ಮಿಯ ಮೇಲೆ ಬಿದ್ದಿದೆಯೋ! ಕವರಿನಲ್ಲಿ ರಕ್ತ, ಮೂಳೆ ಚೂರು, ಪುಕ್ಕ, ಕೆಲವು ಸಲ ಮರದ ಸಿಪ್ಪೆಯೂ ಇರುತ್ತದೆ. ತೊಳೆಯದೆ ಒಲೆಗೆ ಹಾಕು ಅಂದರೆ ಯಾವ ಹೆಂಗಸೂ ಕೇಳುವುದಿಲ್ಲ, ಕೇಳಲೂಬಾರದು.

ನಾನು 35 ವರ್ಷದಿಂದ ಮಾಂಸದಡುಗೆ ಮಾಡುತ್ತಿದ್ದೇನೆ, ಬೀಗರೂಟಕ್ಕೂ ಮಾಡಿಕೊಟ್ಟಿದ್ದೇನೆ. ನಲ್ಲಿ ಕೆಳಗೆ ಹಿಡಿದು ತೊಳೆಯುವುದಿಲ್ಲ. ದೊಡ್ಡ ಬೋಗುಣಿಗೆ ಮೊದಲೇ ನೀರು ತುಂಬಿಡುತ್ತೇನೆ. ಕೋಳಿಯನ್ನು ನಿಧಾನಕ್ಕೆ ಮುಳುಗಿಸುತ್ತೇನೆ, ಕೈಯಾಡಿಸಿ ಪುಕ್ಕ, ಚೂರು ತೆಗೆದು ಎತ್ತಿ ಸೀದಾ ಅಡುಗೆ ಪಾತ್ರೆಗೆ ಹಾಕುತ್ತೇನೆ. ಆ ನೀರನ್ನು ಸಿಂಕಿಗೆ ಸುರಿಯುವುದಿಲ್ಲ, ಬಚ್ಚಲಿಗೆ ಮೆಲ್ಲಗೆ ಬಿಡುತ್ತೇನೆ. ಬೋಗುಣಿಯನ್ನು ಸೋಪಿನಲ್ಲಿ ತೊಳೆದು ಬಿಸಿನೀರು ಹಾಕುತ್ತೇನೆ. ನಮ್ಮಮ್ಮ ಬಾವಿ ನೀರು ಸೇದಿ ಹೀಗೇ ಮಾಡುತ್ತಿದ್ದರು. ಆಗ ಸಿಂಕು ಎಲ್ಲಿತ್ತು?

ಸುಮಾ, ಇನ್ನೊಂದು. ಹಸಿಯಾಗಿ ತಿನ್ನುವುದನ್ನು ಮೊದಲು ಹೆಚ್ಚಿ ಮುಚ್ಚಿಡು. ಕೋಸಂಬರಿ, ಈರುಳ್ಳಿ, ನಿಂಬೆಹಣ್ಣು, ಕೊತ್ತಂಬರಿ ಸೊಪ್ಪು, ಎಲ್ಲ. ಕೋಳಿ ಕವರು ಬಿಚ್ಚುವುದು ಕೊನೆಗೆ. ಒಂದು ಹಳೆ ಚಾಕುವನ್ನು ಮಾಂಸಕ್ಕೆ ಅಂತಲೇ ಬೇರೆ ಇಟ್ಟುಕೋ. ಈಳಿಗೆಗೆ ಮಾಂಸ ತಾಗಿಸಬೇಡ. ಹಿಂದೆ ಎಷ್ಟೋ ಮನೆಯಲ್ಲಿ ಬಾಡಿನ ಪಾತ್ರೆ, ಮಚ್ಚು ಬೇರೆಯೇ ಇರುತ್ತಿತ್ತು ಅಲ್ವಾ, ಮಡಿಗೆ ಅಂತ ಇಟ್ಟರೋ ಏನೋ, ಅದರಿಂದ ಒಳ್ಳೆಯದೇ ಆಗುತ್ತಿತ್ತು.

ರೇಖಾ_ಲ್ಯಾಬ್:

ವನಜಮ್ಮ ಹೇಳಿದ ರೀತಿಗೆ ನನ್ನ ಪೂರ್ತಿ ಒಪ್ಪಿಗೆ. ನಲ್ಲಿಯ ರಭಸವೇ ಶತ್ರು, ಹನಿ ಸುತ್ತ ಹಾರುತ್ತದೆ. ನಮ್ಮ ಅಂಗಡಿಯ ಕೋಳಿಗೆ ತೊಳೆಯಲೇಬೇಡಿ ಅನ್ನುವ ಸಲಹೆ ಹೊಂದುವುದಿಲ್ಲ.

ಲೀಡ್ಸ್ ಅವರಿಗೆ ಒಂದು ವಿಷಯ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅಮೆರಿಕದ ಕೃಷಿ ಇಲಾಖೆ 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಜನರನ್ನು ಪರೀಕ್ಷೆಯ ಅಡುಗೆಮನೆಗೆ ಕರೆದು ಕೋಳಿ ಅಡುಗೆ, ಹಸಿ ಸೊಪ್ಪಿನ ಸಲಾಡ್ ಎರಡೂ ಮಾಡಿಸಿದರು. ಜನರಿಗೆ ತೊಂದರೆ ಕೊಡದ ಒಂದು ಬ್ಯಾಕ್ಟೀರಿಯಾವನ್ನು ಗುರುತಿಗೆ ಅಂತ ಆ ಕೋಳಿ ಮಾಂಸಕ್ಕೆ ಮೊದಲೇ ಸೇರಿಸಿದ್ದರು. ಕೋಳಿ ತೊಳೆದವರಲ್ಲಿ ನೂರಕ್ಕೆ 60 ಜನರ ಸಿಂಕಿನಲ್ಲಿ ಅದು ಸಿಕ್ಕಿತು, 26 ಜನರ ಸಲಾಡಿನಲ್ಲೂ ಸಿಕ್ಕಿತು. ತೊಳೆಯದವರ ಸಲಾಡ್ ಶುದ್ಧ ಇರಬೇಕಿತ್ತು ಅಲ್ವಾ? ಅಲ್ಲೂ ನೂರಕ್ಕೆ 31ರಲ್ಲಿ ಸಿಕ್ಕಿತು. ಕೈ ಸರಿಯಾಗಿ ತೊಳೆಯದೆ ಸೊಪ್ಪು ಮುಟ್ಟಿದ್ದರಿಂದ. ಹಾಗಾಗಿ ಕೋಳಿ ತೊಳೆಯಬೇಕೋ ಬೇಡವೋ ಅಂತ ಜಗಳ ಆಡುವಾಗ ಕೈಯನ್ನೇ ಮರೆತುಬಿಡುತ್ತೇವೆ. ಹಸಿ ಕೋಳಿ ಮುಟ್ಟಿದ ಮೇಲೆ ಸೋಪು ಹಾಕಿ 20 ಸೆಕೆಂಡ್ ಉಜ್ಜಬೇಕು, ಉಗುರಿನ ಸಂದು ಕೂಡ.

ನಮ್ಮ ಅಡುಗೆಯಲ್ಲಿ ಇನ್ನೊಂದು ಜಾಗ ಇದೆ, ಸಾಂಬಾರ ಡಬ್ಬಿ. ಕೋಳಿಗೆ ಕೈಯಲ್ಲೇ ಖಾರದಪುಡಿ ಕಲಸಿ, ಸಾಲಲಿಲ್ಲ ಅಂತ ಅದೇ ಕೈಯಲ್ಲಿ ಮತ್ತೆ ಡಬ್ಬಿ ತೆಗೆಯುತ್ತೇವೆ. ಅಮೆರಿಕದಲ್ಲೇ ಇಂಥ ಇನ್ನೊಂದು ಪರೀಕ್ಷೆಯಲ್ಲಿ ಸುಮಾರು ಅರ್ಧದಷ್ಟು ಮಸಾಲೆ ಡಬ್ಬಿಗಳ ಮೇಲೆ ಗುರುತು ಸಿಕ್ಕಿತ್ತು. ಬೇಕಾದ ಪುಡಿಗಳನ್ನು ಮೊದಲೇ ಒಂದು ಬಟ್ಟಲಿಗೆ ಅಳೆದು ತೆಗೆದಿಟ್ಟುಕೊಂಡರೆ ಮುಗಿಯಿತು.

ಮಂಗಳೂರು_ವೆಟ್:

ನಾನು ಪಶುವೈದ್ಯ. ಮನೆಯ ಮಾತು ಚೆನ್ನಾಗಿ ಬಂದಿದೆ. ಆದರೆ ಎಲ್ಲ ಹೊಣೆಯನ್ನೂ ಅಡುಗೆಮನೆಯ ತಾಯಂದಿರ ಮೇಲೆ ಹಾಕಿ ಕೂರುವುದು ಸರಿಯಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಕೋಳಿ ಮನೆಗೆ ಬರುವ ಮುಂಚೆಯೇ ಇದನ್ನು ಕಡಿಮೆ ಮಾಡಿದ ದೇಶಗಳಿವೆ.

ಸ್ವೀಡನ್‌ನ ಆಲ್ವೆಸ್ತಾ ಅನ್ನುವ ಊರಿನಲ್ಲಿ 1953ರಲ್ಲಿ ಒಂದು ಕಸಾಯಿಖಾನೆಯ ಮಾಂಸದಿಂದ ಸಾಲ್ಮೊನೆಲ್ಲಾ ಹರಡಿ ಸುಮಾರು 9 ಸಾವಿರ ಜನ ಮಲಗಿದರು, ಸುಮಾರು 90 ಜನ ತೀರಿಕೊಂಡರು. ಆಮೇಲೆ ಅವರು ಪಟ್ಟು ಹಿಡಿದು ಕೆಲಸ ಮಾಡಿದರು. ಫೀಡನ್ನು ಬಿಸಿ ಮಾಡಿ ಶುದ್ಧ ಮಾಡುವುದು, ತಾಯಿಕೋಳಿಗಳ ಪರೀಕ್ಷೆ, ಶೆಡ್‌ನಲ್ಲಿ ಸಾಲ್ಮೊನೆಲ್ಲಾ ಸಿಕ್ಕರೆ ಆ ಇಡೀ ಹಿಂಡನ್ನು ಮಾರುಕಟ್ಟೆಗೆ ಬಿಡದಿರುವುದು. ಇವತ್ತು ಅಲ್ಲಿನ ಕೋಳಿಯಲ್ಲಿ ಸಾಲ್ಮೊನೆಲ್ಲಾ ಸಿಗುವುದೇ ಅಪರೂಪ. ಇಂಗ್ಲೆಂಡಿನಲ್ಲಿ 1988ರಲ್ಲಿ ಮೊಟ್ಟೆಯ ಸಾಲ್ಮೊನೆಲ್ಲಾ ದೊಡ್ಡ ರಾಜಕೀಯ ಗಲಾಟೆಯೇ ಆಯಿತು. ಆಮೇಲೆ ಮೊಟ್ಟೆ ಇಡುವ ಕೋಳಿಗಳಿಗೆ ಲಸಿಕೆ ಹಾಕಲು ಶುರುಮಾಡಿದರು. 2017ರ ಹೊತ್ತಿಗೆ, ಸಿಂಹದ ಮುದ್ರೆ (ಲಸಿಕೆ ಹಾಕಿದ ಕೋಳಿಯ ಮೊಟ್ಟೆ ಅನ್ನುವ ಗುರುತು) ಇರುವ ಮೊಟ್ಟೆಯನ್ನು ಬಸುರಿಯರೂ ಅರೆಬೆಂದದ್ದು ತಿನ್ನಬಹುದು ಅಂತ ಅಲ್ಲಿನ ಸಂಸ್ಥೆಯೇ ಹೇಳಿತು. ಕ್ಯಾಂಪಿಲೋಬ್ಯಾಕ್ಟರ್ ಇನ್ನೂ ಹಟಮಾರಿ, ಅದಕ್ಕೆ ಒಳ್ಳೆಯ ಲಸಿಕೆ ಇಲ್ಲ. ಆದರೂ ಡೆನ್ಮಾರ್ಕ್‌ನಲ್ಲಿ ಶೆಡ್ಡಿನ ಗಾಳಿಕಿಂಡಿಗೆ ನೊಣದ ಜಾಲರಿ ಹಾಕಿ ನೋಡಿದಾಗ, ಅದು ಸಿಗುವ ಹಿಂಡುಗಳು ನೂರಕ್ಕೆ 51ರಿಂದ 15ಕ್ಕೆ ಇಳಿದವು. ಬರೀ ಜಾಲರಿ!

ನಮ್ಮ ಶೆಡ್ಡುಗಳು ಎರಡೂ ಕಡೆ ತೆರೆದಿರುತ್ತವೆ, ಸೆಖೆಗೆ ಹಾಗೇ ಇರಬೇಕು, ಅದಕ್ಕೆ ಜಾಲರಿಯ ಮಾತು ಇಲ್ಲಿ ಸುಲಭವಲ್ಲ. ಆದರೆ ಇಲಿ ಹಿಡಿಯುವುದು, ಫೀಡ್ ಒಣಗಿಸಿಡುವುದು, ಕ್ರೇಟು ತೊಳೆಯುವುದು, ಅಂಗಡಿಯಲ್ಲಿ ಮರದ ದಿಮ್ಮಿಯನ್ನು ದಿನಕ್ಕೆ ಎರಡು ಸಲವಾದರೂ ಕೆರೆದು ಬಿಸಿನೀರು ಹಾಕಿ ಉಪ್ಪು ಹಚ್ಚುವುದು, ಕರುಳು ತೆಗೆಯುವ ಜಾಗ ಬೇರೆ, ಪೀಸು ಮಾಡುವ ಜಾಗ ಬೇರೆ ಇಡುವುದು, ಇದಕ್ಕೆಲ್ಲ ಕೋಟಿ ರೂಪಾಯಿ ಬೇಡ. ನೀವು ಕೊಳ್ಳುವವರು ಅಂಗಡಿಯಲ್ಲಿ ನಿಂತು ಕೇಳಿ. ಹತ್ತು ಜನ ಕೇಳಿದರೆ ಅವನು ಮಾಡುತ್ತಾನೆ.

ಇನ್ನು ಹೋಟೆಲ್. ನಮ್ಮ ಪಕ್ಕದ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ 2022ರ ಮೇ ತಿಂಗಳಲ್ಲಿ ಶವರ್ಮಾ ತಿಂದು 16 ವರ್ಷದ ಹುಡುಗಿ ತೀರಿಕೊಂಡಳು, ಇನ್ನೂ ಹತ್ತಾರು ಜನ ಆಸ್ಪತ್ರೆ ಸೇರಿದರು. ಅಲ್ಲಿ ಕಾಯಿಲೆ ಬಿದ್ದವರಲ್ಲಿ ಷಿಗೆಲ್ಲಾ ಅನ್ನುವ, ಭೇದಿ ತರುವ ಬೇರೆ ಬ್ಯಾಕ್ಟೀರಿಯಾ ಸಿಕ್ಕಿತು, ಅಂಗಡಿಯ ಸ್ಯಾಂಪಲ್‌ನಲ್ಲಿ ಸಾಲ್ಮೊನೆಲ್ಲಾ ಕೂಡ ಇತ್ತು. ಶವರ್ಮಾದಲ್ಲಿ ಹೊರಗಿನ ಪದರ ಬೆಂದಿರುತ್ತದೆ, ಒಳಗಿನದು ಬರೀ ಬೆಚ್ಚಗಿರುತ್ತದೆ. ಜನ ಜಾಸ್ತಿ ಬಂದಾಗ ಬೇಯುವ ಮುಂಚೆಯೇ ಕೆರೆದು ಹಾಕುತ್ತಾರೆ. ಜೊತೆಗೆ ಹಸಿ ಮೊಟ್ಟೆಯ ಮೇಯೊನೈಸ್. 2023ರ ಜನವರಿಯಲ್ಲಿ ಕೇರಳ ಹಸಿ ಮೊಟ್ಟೆಯ ಮೇಯೊನೈಸನ್ನು ನಿಷೇಧಿಸಿತು. ಕರ್ನಾಟಕದಲ್ಲಿ 2024ರ ಜೂನ್‌ನಲ್ಲಿ ಚಿಕನ್ ಕಬಾಬಿಗೆ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಬಂತು. ಅದು ಬಣ್ಣದ ವಿಷಕ್ಕೆ ಅಂತ ಬಂದ ಆದೇಶ, ಆದರೆ ಇನ್ನೊಂದು ಲಾಭವೂ ಇದೆ. ಕೆಂಪು ಬಣ್ಣ ಇಲ್ಲದಿದ್ದರೆ ಮೂಳೆ ಹತ್ತಿರ ಬೆಂದಿದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ.

ವನಜಮ್ಮ_ಚನ್ನರಾಯಪಟ್ಟಣ:

ಬೀಗರೂಟದ ಮಾತೂ ಹೇಳಿಬಿಡುತ್ತೇನೆ. ಬೆಂದ ಮೇಲೂ ಕೆಡುವುದುಂಟು. ದೊಡ್ಡ ಡಬರಿಯಲ್ಲಿ 30 ಕೆಜಿ ಕೋಳಿ ಸಾರು ಮಾಡಿ ಮುಚ್ಚಿಟ್ಟರೆ ರಾತ್ರಿಯಿಡೀ ಉಗುರು ಬೆಚ್ಚಗೇ ಇರುತ್ತದೆ. ಬೆಳಗ್ಗೆ ಸುಮ್ನೆ ಸ್ವಲ್ಪ ಬಿಸಿ ಮಾಡಿ ಬಡಿಸಿದರೆ ಸಂಜೆಗೆ ಅರ್ಧ ಊರಿಗೆ ಹೊಟ್ಟೆನೋವು. ಒಂದು ಸಲ ನಮ್ಮ ನೆಂಟರಲ್ಲೇ ಆಗಿತ್ತು. ಅವತ್ತಿನಿಂದ ನಾನು ಉಳಿದದ್ದನ್ನು ಅಗಲ ತಟ್ಟೆಗಳಿಗೆ ತೆಗೆದು ಬೇಗ ಆರಿಸಿಡುತ್ತೇನೆ.

ರೇಖಾ_ಲ್ಯಾಬ್:

ವನಜಮ್ಮ, ಅದು ಬೇರೆ ಬ್ಯಾಕ್ಟೀರಿಯಾ ಇರಬಹುದು, ಕ್ಲಾಸ್ಟ್ರಿಡಿಯಂ ಪರ್ಫ್ರಿಂಜನ್ಸ್. ಅದು ಕುದಿಸಿದರೂ ಬೀಜದಂತೆ ಉಳಿದು, ಬೆಚ್ಚಗಾದಾಗ ಮತ್ತೆ ಬೆಳೆಯುತ್ತದೆ. ಅಗಲ ತಟ್ಟೆಯ ಉಪಾಯ ಅದಕ್ಕೆ ಸರಿಯಾದ ಮದ್ದು. ತಿನ್ನುವಾಗ ಮತ್ತೆ ಚೆನ್ನಾಗಿ ಕುದಿಸಿ.

ಸುಮಾ_ಹಾಸನ:

ಎಲ್ಲರಿಗೂ ತುಂಬ ತುಂಬ ಧನ್ಯವಾದ. ನಿನ್ನೆ ರಾತ್ರಿ ಇದನ್ನೆಲ್ಲ ಅತ್ತೆಗೆ ಓದಿ ಹೇಳಿದೆ. ವನಜಮ್ಮನವರ ಬೋಗುಣಿ ಮಾತು ಕೇಳಿ, ನಮ್ಮ ಮನೆಯಲ್ಲೂ ಹೀಗೇ ತೊಳೆಯುತ್ತಿದ್ದೆವು, ಸಿಂಕು ಬಂದ ಮೇಲೆ ಬಿಟ್ಟೆವು ಅಂದರು. ಬೆಳಗ್ಗೆ ಅವರೇ ಈಳಿಗೆಗೆ ಕುದಿಯುವ ನೀರು ಹಾಕಿ ಅಂಗಳದಲ್ಲಿ ಬಿಸಿಲಿಗಿಟ್ಟಿದ್ದಾರೆ. ಕೋಳಿಗೆ ಅಂತ ಒಂದು ಚಾಕು, ಒಂದು ಮಣೆ ಬೇರೆ ತಂದೆ. ಅಂಗಡಿಯವರಿಗೂ ನಮ್ಮವರು ದಿಮ್ಮಿ ತೊಳೆಯಲು ಹೇಳಿ ಬಂದಿದ್ದಾರೆ, ಅವರು ಬೇಜಾರು ಮಾಡಿಕೊಳ್ಳದೆ ಆಯಿತು ಅಂದರಂತೆ.

ಕೊನೆಯ ಪ್ರಶ್ನೆ. ಸೋಮವಾರದಿಂದ ಮಗನನ್ನು ಶಿಶುವಿಹಾರಕ್ಕೆ ಕಳಿಸಬಹುದಾ? ಅಲ್ಲಿ 20 ಮಕ್ಕಳಿದ್ದಾರೆ. ಇನ್ನೊಂದು ಕೋರ್ಸ್ ಆ್ಯಂಟಿಬಯಾಟಿಕ್ ಕೊಟ್ಟರೆ ಪೂರ್ತಿ ಹೋಗುತ್ತದೆ ಅಂತ ನಾದಿನಿ ಹೇಳುತ್ತಿದ್ದಾಳೆ.

ರೇಖಾ_ಲ್ಯಾಬ್:

ಡಾಕ್ಟರನ್ನು ಕೇಳದೆ ಆ್ಯಂಟಿಬಯಾಟಿಕ್ ಕೊಡಲೇಬೇಡಿ ಸುಮಾ. ಭೇದಿ ನಿಂತ ಮೇಲೂ ಈ ಬ್ಯಾಕ್ಟೀರಿಯಾ ಮಲದಲ್ಲಿ ಕೆಲವು ವಾರ ಹೋಗುತ್ತಲೇ ಇರುತ್ತದೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಇನ್ನೂ ಜಾಸ್ತಿ ದಿನ. ಆ್ಯಂಟಿಬಯಾಟಿಕ್ ಕೊಟ್ಟರೆ ಅದು ಬೇಗ ಹೋಗುವುದಿಲ್ಲ, ಕೆಲವು ಸಲ ಇನ್ನೂ ನಿಧಾನವಾಗುತ್ತದೆ. ತೀರಾ ಸಣ್ಣ ಕೂಸಿಗೆ ಅಥವಾ ರಕ್ತಕ್ಕೆ ಹರಡಿದರೆ ಆಗ ಅವರೇ ಕೊಡುತ್ತಾರೆ.

ಕಳಿಸುವ ಮುಂಚೆ ಮಕ್ಕಳ ಡಾಕ್ಟರಿಗೆ ಒಂದು ಫೋನ್ ಮಾಡಿ, ಭೇದಿ ನಿಂತು ಎಷ್ಟು ದಿನ ಆಯಿತು ಅಂತ ಹೇಳಿ ಕೇಳಿ. ಶಿಶುವಿಹಾರದ ಟೀಚರಿಗೂ ಮುಚ್ಚಿಡದೆ ಹೇಳಿ. ಕಕ್ಕಸಿಗೆ ಹೋಗಿ ಬಂದಾಗೆಲ್ಲ, ಊಟದ ಡಬ್ಬಿ ತೆಗೆಯುವ ಮುಂಚೆ, ಅವನ ಕೈಗೆ ಯಾರಾದರೂ ನಿಂತು ಸೋಪು ಹಾಕಿಸಬೇಕು. ಮನೆಯಲ್ಲಿ ಅವನನ್ನು ತೊಳೆದ ಮೇಲೆ ನಿಮ್ಮ ಕೈಗೂ ಅಷ್ಟೇ. ಅವನ ಟವೆಲ್ ಸದ್ಯಕ್ಕೆ ಬೇರೆ ಇಡಿ. ಮತ್ತೆ ಜ್ವರ ಬಂದರೆ ಕಾಯಬೇಡಿ, ಆ ಕಲ್ಚರ್ ರಿಪೋರ್ಟ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ.